ಇಷ್ಟು ದೂರಕ್ಕೆ ಕಟ್ಟಿದ್ದಲ್ಲ

2023ರ ಏಪ್ರಿಲ್ ಕೊನೆಯ ವಾರಕ್ಕೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನಮ್ಮ ಸೀಫರ್ಡ್ ದಾರಿಯ ಹಳೇ ರೈಲುಗಳ ಓಡಾಟ ಮುಗಿಯಿತು. ಕ್ಲಾಸ್ 313 ಅನ್ನುವ ಮಾದರಿ. ಕೆಲಸ ಮುಗಿಸಿ ಬ್ರೈಟನ್ನಿನಲ್ಲಿ ಹತ್ತಿದರೆ ಮೂರೂ ಡಬ್ಬಿಗಳಲ್ಲಿ ಕ್ಯಾಮೆರಾ ಹಿಡಿದವರೇ. ನನ್ನೆದುರು ಕೂತ ಅಜ್ಜನ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರನ್ನೋ ಬೀಳ್ಕೊಡಲು ಬಂದವರ ಹಾಗೆ ನೆಟ್ಟಗೆ ಕೂತಿದ್ದರು.

ಮಾತು ಶುರು ಮಾಡಿದ್ದು ಅವರೇ. 1976ರಲ್ಲಿ ಈ ರೈಲು ಹೊಸದಾಗಿ ಬಂದಾಗ ಲಂಡನ್ನಿನ ಮೂರ್‌ಗೇಟ್‌ಗೆ ದಿನಾ ಇದರಲ್ಲೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಯಾರ್ಕ್‌ನಲ್ಲಿ ಕಟ್ಟಿದ, ಮೂರು ಮೂರು ಡಬ್ಬಿಗಳ 64 ರೈಲುಗಳು. ಮೇಲಿನ ತಂತಿಯ 25,000 ವೋಲ್ಟಿನಲ್ಲೂ ಓಡಬೇಕು, ಮೂರ್‌ಗೇಟ್‌ಗೆ ಹೋಗುವ ಸುರಂಗದೊಳಗೆ ಪಕ್ಕದ ಮೂರನೇ ಹಳಿಯ 750 ವೋಲ್ಟಿನಲ್ಲೂ ಓಡಬೇಕು. ಸುರಂಗಕ್ಕೆ ಮುಂಚಿನ ಡ್ರೇಟನ್ ಪಾರ್ಕ್ ಸ್ಟೇಷನ್ನಿನಲ್ಲಿ ನಿಂತಾಗ ಡ್ರೈವರ್, ತಂತಿಯಿಂದ ಕರೆಂಟ್ ಎಳೆಯುವ ಪ್ಯಾಂಟೊಗ್ರಾಫ್ ಇಳಿಸುತ್ತಿದ್ದುದನ್ನು ಅಜ್ಜ ಅಂಗೈ ಮಡಚಿ ತೋರಿಸಿದರು. ಆ ಸುರಂಗದ ತುದಿಯಲ್ಲೇ 1975ರ ಫೆಬ್ರವರಿಯಲ್ಲಿ ಲಂಡನ್ನಿನ ನೆಲದಡಿಯ ಟ್ಯೂಬ್ ರೈಲೊಂದು ಗೋಡೆಗೆ ಗುದ್ದಿ 43 ಜನ ಸತ್ತಿದ್ದರು. "ಮೊದಮೊದಲು ಮೂರ್‌ಗೇಟ್ ಬರುವಾಗ ಯಾರೂ ಮಾತಾಡ್ತಿರಲಿಲ್ಲ" ಅಂದರು. ಸುರಂಗ ಎಷ್ಟು ಇಕ್ಕಟ್ಟೆಂದರೆ ಪಕ್ಕದ ಬಾಗಿಲಿಂದ ಇಳಿಯಲು ಜಾಗವಿಲ್ಲ. ಅದಕ್ಕೇ ಈ ರೈಲಿನ ಮೂತಿಯಲ್ಲಿ ಒಂದು ಬಾಗಿಲು. ನಾಲ್ಕೈದು ವರ್ಷದಿಂದ ದಿನಾ ನೋಡಿಯೂ ಅದು ಯಾಕಿದೆ ಎಂದು ನಾನು ಕೇಳಿಕೊಂಡಿರಲಿಲ್ಲ.

ನಿವೃತ್ತರಾಗಿ ಅವರು ಸಮುದ್ರದ ಪಕ್ಕ ಮನೆ ಮಾಡಿದರು. 2010ರಲ್ಲಿ 19 ರೈಲುಗಳು ಅವರ ಹಿಂದೆಯೇ ಈ ಕರಾವಳಿಗೆ ಬಂದವು. ಪ್ಲಾಟ್‌ಫಾರ್ಮಿನಲ್ಲಿ ನೋಡದೆಯೇ, ಸದ್ದಿನಿಂದಲೇ ಗುರುತು ಹಿಡಿದರಂತೆ.

"ನಿಮ್ಮ ಹೆಂಡತಿಗೂ ಇಷ್ಟವಿತ್ತಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತೋ ಏನೋ.

"ಇಲ್ಲ. ಕೊನೆಯ ಎರಡು ವರ್ಷ ಅವಳು ಇದನ್ನು ಹತ್ತಲೇ ಇಲ್ಲ. ಟಾಯ್ಲೆಟ್ ಇಲ್ಲವಲ್ಲ. ಮಗಳು ಇರೋದು ಪೋರ್ಟ್ಸ್‌ಮತ್‌ನಲ್ಲಿ." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ರೈಲಿನ ತಪ್ಪಲ್ಲ. ಅದನ್ನು ಇಷ್ಟು ದೂರಕ್ಕೆ ಕಟ್ಟಿರಲಿಲ್ಲ."

ಬ್ರೈಟನ್ನಿನಿಂದ ಪೋರ್ಟ್ಸ್‌ಮತ್ ಗಂಟೆಗೂ ಮೀರಿದ ದಾರಿ. ಲಂಡನ್ ಸುತ್ತಮುತ್ತಲ ಚಿಕ್ಕ ಓಡಾಟಕ್ಕೆ ಕಟ್ಟಿದ ರೈಲನ್ನು ಅಲ್ಲಿಗೆ ಓಡಿಸಲು ತೀರ್ಮಾನಿಸಿದವರು ಒಬ್ಬ ಮುದುಕಿಯನ್ನೂ ನೆನೆದಿರಲಿಕ್ಕಿಲ್ಲ. ಈ ಮಾತನ್ನು ಸಿಟ್ಟಿನಿಂದಲೇ ಹೇಳುತ್ತೇನೆ. ಆದರೆ ಆ ಅಜ್ಜನಿಗೆ ಸಿಟ್ಟಿರಲಿಲ್ಲ. ಹೆಂಡತಿಯನ್ನು ಮನೆಯಲ್ಲೇ ಕೂರಿಸಿದ ರೈಲಿನ ಪರವಾಗಿ ಅವರೇ ಮಾತಾಡುತ್ತಿದ್ದರು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ಇಷ್ಟು ದೂರಕ್ಕೆ ಕಟ್ಟಿರಲಿಲ್ಲ. ಎರಡು ದಿನದಿಂದ ಪಾತ್ರೆ ತೊಳೆಯುವಾಗ, ಮಗುವಿಗೆ ಊಟ ಮಾಡಿಸುವಾಗ ಅದೇ ಮಾತು.

2019ರಲ್ಲಿ ನನ್ನ ಬಾಣಂತನಕ್ಕೆ ಅವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ಆರು ತಿಂಗಳು. ಮಗುವಿಗೆ ಎಣ್ಣೆ ತಿಕ್ಕಿ ಎರೆದಳು, ನನಗೆ ಅಂಟಿನುಂಡಿ ಕಟ್ಟಿ ತಿನ್ನಿಸಿದಳು. ಭಾನುವಾರ ಬ್ರೈಟನ್ನಿಗೆ ಹೊರಡೋಣ ಅಂದರೆ ಬೆಳಗಿನ ಚಹಾ ಬಿಡುತ್ತಿದ್ದಳು, ನೀರನ್ನೂ ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವಳು. "ಒಳಗ ಪಾಯಖಾನಿ ಇಲ್ಲಲ್ಲ" ಅನ್ನುತ್ತಿದ್ದಳು. "ಅರ್ಧ ತಾಸಿನ ದಾರಿ ಅವ್ವಾ, ಅಷ್ಟಕ್ಕ ಏನಾಗ್ತದ?" ಎಂದು ನಾನು ರೇಗುತ್ತಿದ್ದೆ. ನಾಲ್ಕನೇ ತಿಂಗಳಿಗೆ ಅವಳು ಮಾತು ಕಡಿಮೆ ಮಾಡಿದಳು. ಅಕ್ಕಪಕ್ಕದಲ್ಲಿ ಕನ್ನಡ ಆಡುವವರಿಲ್ಲ, ನಾಲ್ಕು ಗಂಟೆಗೇ ಕತ್ತಲು. ಮುಖ ಯಾಕೆ ಗಂಟು ಹಾಕಿಕೊಂಡಿದ್ದೀಯ ಎಂದು ಅದಕ್ಕೂ ರೇಗಿದ್ದೆ. ಮನೆತುಂಬ ಜನ, ಓಣಿತುಂಬ ಮಾತು ಇದ್ದಲ್ಲಿ ಬದುಕಿದವಳನ್ನು ತಂದು ಗಾಜಿನ ಕಿಟಕಿಯ ಮುಂದೆ ಕೂರಿಸಿ, ಸರಿಯಾಗಿ ಓಡುತ್ತಿಲ್ಲವೆಂದು ದೂರಿದವಳು ನಾನು.

ಲೂಯಿಸ್ ದಾಟಿ ಸೌತೀಸ್ ಹತ್ತಿರ ಹೊಳೆಯಂಚಿನ ಹುಲ್ಲುಗಾವಲು ಬಂದಾಗ ಅವ್ವ ಸೀಟಿನಿಂದ ಎದ್ದು ನಿಲ್ಲುತ್ತಿದ್ದುದು ನೆನಪಾಯಿತು. ಮೊನ್ನೆ ಅಜ್ಜನೂ ಅಲ್ಲೇ ಮಾತು ನಿಲ್ಲಿಸಿದ್ದರು.

ನಿನ್ನೆ ಫೋನ್ ಮಾಡಿ ಹೇಳಿದೆ.

"ಮ್ಯಾಲಿನ ಕಿಟಕಿ ತಗೀತಿತ್ತಲ್ಲ, ಆ ಗಾಡೀನಾ?" ಅಂದಳು. "ಅದ್ರಾಗ ಕುಂತಾಗ ಮಾತ್ರ ನಂಗ ಜೀವಕ್ಕ ಗಾಳಿ ಆಡ್ತಿತ್ತು ನೋಡವಾ."

ಆರು ತಿಂಗಳಲ್ಲಿ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ಅಥವಾ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

"ಈಗ ಬರೋ ಗಾಡ್ಯಾಗ ಪಾಯಖಾನಿ ಅದ ಏನು?"

"ಅದ ಅವ್ವಾ."

"ಛಲೋ ಆತು. ಕಿಟಕಿ?"

"ತಗಿಯಾಕ ಬರಂಗಿಲ್ಲ" ಅಂದೆ.