ರಿವರ್‌ಸೈಡ್‌ನ ಮಿಷನ್ ಇನ್: ಗಂಟೆಗಳ ಹೋಟೆಲಿನಲ್ಲಿ ಒಂದು ಹಗಲು

ಲಾಸ್ ಏಂಜಲೀಸ್‌ಗೆ ಹೋದವರು ಹಾಲಿವುಡ್, ಡಿಸ್ನಿಲ್ಯಾಂಡ್, ಸಮುದ್ರ ತೀರ ಎಂದು ಸುತ್ತಾಡಿ ವಾಪಸ್ ಬರುತ್ತಾರೆ. ಅಲ್ಲಿಂದ ಪೂರ್ವಕ್ಕೆ ರೈಲಿನಲ್ಲಿ ಒಂದೂವರೆ ಗಂಟೆ ದೂರದ ರಿವರ್‌ಸೈಡ್ ಕಡೆಗೆ ತಲೆ ಹಾಕುವವರು ಕಡಿಮೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಗೆ ಹೋಗಿದ್ದಾಗ, "ಹಳೇ ಸಾಮಾನು ನೋಡೋ ಹುಚ್ಚು ನಿನಗೆ ಜಾಸ್ತಿ ಅಲ್ವಾ, ಇಲ್ಲಿಗೆ ಹೋಗೋಣ ಬಾ" ಎಂದು ಅಕ್ಕ ಭಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅಮೆರಿಕದಲ್ಲಿ ನಾನು ನೋಡಿದ ಜಾಗಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಮಿಷನ್ ಇನ್ ಊರ ನಡುವೆ ಒಂದು ಇಡೀ ಬ್ಲಾಕನ್ನು ತುಂಬಿಕೊಂಡು ನಿಂತಿದೆ. ಕಮಾನುಗಳು, ಗಂಟೆ ಗೋಪುರಗಳು, ಗುಮ್ಮಟಗಳು, ಕೆಂಪು ಹೆಂಚಿನ ಮಾಡು. ಒಂದು ಮೂಲೆ ಸ್ಪೇನ್ ಅನಿಸಿದರೆ ಇನ್ನೊಂದು ಮೂಲೆ ಜಪಾನ್ ಅನಿಸುತ್ತದೆ. ಶುರುವಿನಲ್ಲಿ ಇದು ಹಸಿ ಇಟ್ಟಿಗೆಯ ಸಣ್ಣ ವಸತಿಗೃಹ. ಸಿ. ಸಿ. ಮಿಲ್ಲರ್ ಎಂಬ ಎಂಜಿನಿಯರ್ 1876ರಲ್ಲಿ ಕಟ್ಟಿದ್ದು. ಅವರ ಮಗ ಫ್ರಾಂಕ್ ಮಿಲ್ಲರ್ 1880ರಲ್ಲಿ ಅಪ್ಪನಿಂದ ಅದನ್ನು ಕೊಂಡುಕೊಂಡರು. 1902ರಲ್ಲಿ ದೊಡ್ಡ ಹೋಟೆಲ್ ಕಟ್ಟಲು ಶುರು ಮಾಡಿದವರು 1931ರವರೆಗೆ ಒಂದಾದ ಮೇಲೊಂದು ಭಾಗ ಸೇರಿಸುತ್ತಲೇ ಹೋದರು. ತೀರಿಕೊಂಡಿದ್ದು 1935ರಲ್ಲಿ. ಅಂದರೆ ಬದುಕಿನ ಮುಕ್ಕಾಲು ಪಾಲು ಈ ಒಂದೇ ಕಟ್ಟಡಕ್ಕೆ ಹೋಯಿತು.

ಸ್ಪೇನ್‌ನ ಪಾದ್ರಿಗಳು ಹದಿನೆಂಟನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾ ಉದ್ದಕ್ಕೂ ಕಟ್ಟಿಸಿದ ಮಿಷನ್‌ಗಳ, ಅಂದರೆ ಕ್ರೈಸ್ತ ಧರ್ಮಪ್ರಚಾರ ಕೇಂದ್ರಗಳ, ಶೈಲಿಯನ್ನು ಮಿಲ್ಲರ್ ಎತ್ತಿಕೊಂಡರು. ರಿವರ್‌ಸೈಡ್‌ನಲ್ಲಿ ಮಾತ್ರ ಯಾವತ್ತೂ ಮಿಷನ್ ಇರಲೇ ಇಲ್ಲ. ಇಲ್ಲದ ಇತಿಹಾಸವನ್ನು ಊರಿಗೆ ತಂದುಕೊಡಬೇಕು ಅಂತ ಅವರಿಗೆ ಅನಿಸಿತ್ತು. ಅದಕ್ಕಾಗಿ ಯುರೋಪ್, ಮೆಕ್ಸಿಕೊ, ಚೀನಾ, ಜಪಾನ್ ಎಲ್ಲ ಕಡೆಯಿಂದ ಸಾಮಾನು ತಂದು ತುಂಬಿದರು. ವರ್ಣಚಿತ್ರ, ವಿಗ್ರಹ, ಶಿಲುಬೆ, ಪೀಠೋಪಕರಣ. ಎಲ್ಲಕ್ಕಿಂತ ಹೆಚ್ಚಾಗಿ ಗಂಟೆಗಳು.

ಹೋಟೆಲಿನ ಸಂಗ್ರಹವನ್ನು ತೋರಿಸಲು ಮಿಷನ್ ಇನ್ ಫೌಂಡೇಶನ್‌ನ ಸ್ವಯಂಸೇವಕರು ಇದ್ದರು. ನಮ್ಮ ಗುಂಪಿಗೆ ಸಿಕ್ಕವರು ಬೆಳ್ಳಿ ಕೂದಲಿನ ಒಬ್ಬ ಹೆಂಗಸು, ನಿವೃತ್ತ ಶಿಕ್ಷಕಿ. ಕಾಸು ತಗೊಳ್ಳದೆ ಮಾಡುವ ಕೆಲಸ. ಆದರೂ ಯಾವ ಗಂಟೆ ಎಲ್ಲಿಂದ ಬಂತು, ಯಾವ ಕಿಟಕಿ ಯಾವ ವರ್ಷದ್ದು, ಎಲ್ಲ ಬಾಯಿಗೆ ಬರುತ್ತಿತ್ತು. ಅವರ ಹಿಂದೆ ನಡೆಯದೆ ಸುಮ್ನೆ ಸುತ್ತಿದ್ದರೆ ಅರ್ಧಕ್ಕರ್ಧ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಲಾಬಿಯಲ್ಲಿ ಮೊದಲು ಕಾಣುವುದು ಒಂದು ಭಾರಿ ಮರದ ಕುರ್ಚಿ. ಅಮೆರಿಕದ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ 1909ರಲ್ಲಿ ಬಂದಾಗ ಅವರಿಗಾಗಿಯೇ ಮಾಡಿಸಿದ್ದು. ಟಾಫ್ಟ್ ತುಂಬಾ ದಪ್ಪ ಆಳು. ಅಷ್ಟು ದೊಡ್ಡ ಕುರ್ಚಿ ನೋಡಿ ಅವರಿಗೆ ಬೇಜಾರಾಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಅಕ್ಕನ ಮಕ್ಕಳಿಬ್ಬರೂ ಪಕ್ಕ ಪಕ್ಕ ಕೂತರು, ಇನ್ನೂ ಜಾಗ ಉಳಿದಿತ್ತು. ಹಗ್ಗ ಕಟ್ಟಿಲ್ಲ, ಮುಟ್ಟಬೇಡಿ ಎಂಬ ಬೋರ್ಡಿಲ್ಲ. ಅದೇ ಲಾಬಿಯಲ್ಲಿ ವಿಲಿಯಂ ಕೀತ್ 1874ರಲ್ಲಿ ಬರೆದ ಕ್ಯಾಲಿಫೋರ್ನಿಯಾ ಬೆಟ್ಟಗಳ ದೊಡ್ಡ ವರ್ಣಚಿತ್ರವಿದೆ. ಅದರ ಆಸುಪಾಸಿನಲ್ಲೇ ಜನ ಸೂಟ್‌ಕೇಸ್ ಎಳೆದುಕೊಂಡು ಓಡಾಡುತ್ತಿದ್ದರು. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇರಬೇಕಾದ ವಸ್ತು ಇಲ್ಲಿ ಮನೆ ಸಾಮಾನಿನ ಹಾಗೆ ಬಳಕೆಯಲ್ಲಿದೆ. ನನಗೆ ಅದು ಬಹಳ ಇಷ್ಟವಾಯಿತು.

ಇನ್ನು ಗಂಟೆಗಳು. ಮಿಲ್ಲರ್ ಕೂಡಿಹಾಕಿದ ಗಂಟೆಗಳ ಲೆಕ್ಕ 800 ದಾಟುತ್ತದೆ. ಚರ್ಚಿನವು, ಬೌದ್ಧ ದೇವಾಲಯದವು, ಹಡಗಿನವು, ಕೈಯಲ್ಲಿ ಹಿಡಿದು ಆಡಿಸುವ ಸಣ್ಣವು. ಅವುಗಳಲ್ಲಿ ಒಂದರ ಮೈಮೇಲೆ 1247 ಎಂಬ ಇಸವಿ ಇದೆ. ಲಂಡನ್‌ನಲ್ಲಿ 1914ರಲ್ಲಿ ಕೊಂಡದ್ದು. ನಮ್ಮ ಕಡೆ ಹೊಯ್ಸಳರು ಆಳುತ್ತಿದ್ದ ಕಾಲ ಅದು ಎಂದು ಭಾವ ಅಲ್ಲೇ ಲೆಕ್ಕ ಹಾಕಿದರು. ಅಷ್ಟು ವರ್ಷದಲ್ಲಿ ಎಷ್ಟು ಕಿವಿಗಳು ಇದರ ದನಿ ಕೇಳಿರಬೇಕು!

ನನ್ನ ಕಾಲು ಕದಲದೆ ನಿಂತಿದ್ದು ಹೋಟೆಲಿನ ಪ್ರಾರ್ಥನಾಮಂದಿರವಾದ ಸಂತ ಫ್ರಾನ್ಸಿಸ್ ಚಾಪೆಲ್‌ನಲ್ಲಿ. ಒಳಗೆ ಎದುರುಗೋಡೆಯ ತುಂಬ ಒಂದು ಬಲಿಪೀಠ, 25 ಅಡಿ ಎತ್ತರ. ಮೆಕ್ಸಿಕೊದ ಗ್ವಾನಾಹ್ವಾಟೊದಲ್ಲಿ ರಾಯಾಸ್ ಎಂಬ ಶ್ರೀಮಂತ ಮನೆತನಕ್ಕಾಗಿ ಹದಿನೆಂಟನೇ ಶತಮಾನದಲ್ಲಿ ಮಾಡಿದ್ದು. ದೇವದಾರು ಜಾತಿಯ ಮರ, ಅದರ ಮೇಲೆ ಚಿನ್ನದ ರೇಕು. ದೂರದಿಂದ ಬರೀ ಹೊಳಪು. ಹತ್ತಿರ ಹೋದರೆ ನಮ್ಮ ಮರದ ತೇರಿನ ಹಾಗೆ ಒಂದು ಅಂಗುಲವನ್ನೂ ಖಾಲಿ ಬಿಟ್ಟಿಲ್ಲ. ಬಳ್ಳಿ, ಎಲೆ, ಮುಖ, ರೆಕ್ಕೆ, ಮತ್ತೆ ಬಳ್ಳಿ. ಉಳಿ ಹಿಡಿದವರು ಮೇಲಿನ ಕತ್ತಲ ಮೂಲೆಗಳಲ್ಲೂ, ಯಾರ ಕಣ್ಣೂ ತಲುಪದ ಕಡೆಯೂ, ಅಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾರೆ. ಮಿಲ್ಲರ್ ಇದನ್ನು 1920ರಲ್ಲಿ ಕೊಂಡರು. ಪೀಠ ಮೊದಲು ಬಂತು, ಅದರ ಅಳತೆಗೆ ತಕ್ಕ ಚಾಪೆಲ್ ಆಮೇಲೆ ಎದ್ದಿತು.

ಪಕ್ಕದ ಗೋಡೆಗಳಲ್ಲಿ ಅಮೆರಿಕದ ಹೆಸರಾಂತ ಗಾಜಿನ ಕಲಾವಿದ ಲೂಯಿಸ್ ಕಂಫರ್ಟ್ ಟಿಫನಿಯ ಬಣ್ಣದ ಗಾಜಿನ ಕಿಟಕಿಗಳು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಪ್ರೆಸ್‌ಬಿಟೇರಿಯನ್ ಚರ್ಚಿಗೆ 1906ರಲ್ಲಿ ಮಾಡಿದವು. ಆ ಚರ್ಚನ್ನು 1919ರಲ್ಲಿ ಕೆಡವಿದರು. ಮಿಲ್ಲರ್ ಇವನ್ನು ಕೊಳ್ಳದಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. ನಾವು ಒಳಗಿದ್ದಾಗ ಸಂಜೆಯ ಮದುವೆಗೆ ಇಬ್ಬರು ಹುಡುಗರು ಹೂವು ಕಟ್ಟುತ್ತಿದ್ದರು. ಗೈಡಮ್ಮ ದನಿ ತಗ್ಗಿಸಿ ಮಾತು ಮುಂದುವರಿಸಿದರು. ಈ ಹೋಟೆಲಿನಲ್ಲಿ ಮದುವೆ ಹೊಸದೇನಲ್ಲ. ರಿಚರ್ಡ್ ನಿಕ್ಸನ್ 1940ರಲ್ಲಿ ಪ್ಯಾಟ್ ಅವರ ಕೈಹಿಡಿದದ್ದು ಇಲ್ಲಿಯೇ. ರೊನಾಲ್ಡ್ ರೇಗನ್ ಮತ್ತು ನ್ಯಾನ್ಸಿ 1952ರಲ್ಲಿ ಮದುವೆಯಾದ ಮೇಲೆ ಬಂದು ತಂಗಿದ್ದೂ ಇಲ್ಲಿಯೇ.

ಚಾಪೆಲ್‌ನ ಹೊರಗೋಡೆಯಲ್ಲಿ ತಾಮ್ರದ ರೆಕ್ಕೆಗಳ ಸಾಲು. ಒಂದೊಂದು ರೆಕ್ಕೆಯೂ ಒಬ್ಬೊಬ್ಬ ಹೆಸರಾಂತ ವಿಮಾನ ಚಾಲಕರಿಗೆ. 1932ರಿಂದ ಕೂಡಿಸುತ್ತಾ ಬಂದದ್ದು. ಅಮೇಲಿಯಾ ಇಯರ್‌ಹಾರ್ಟ್ ಹೆಸರನ್ನು ಅಕ್ಕನ ಮಗಳು ಹುಡುಕಿ ಕುಣಿದಾಡಿದಳು. ರೊಟಂಡಾ ಎಂಬ ದುಂಡನೆಯ ಭಾಗದ ಸುರುಳಿ ಮೆಟ್ಟಿಲು ಆಕಾಶಕ್ಕೆ ತೆರೆದ ಬಾವಿಯ ಸುತ್ತ ಮೇಲೇರುತ್ತದೆ. ಅಲ್ಲಿ ಕೆಳಗೆ ನೋಡಲು ನನಗೆ ಸ್ವಲ್ಪ ಭಯವೇ ಆಯಿತು. ನೆಲದಡಿಯ ಸುರಂಗಗಳಲ್ಲೂ ಒಂದು ಕಾಲಕ್ಕೆ ಚಿತ್ರ, ವಿಗ್ರಹ ಇಟ್ಟು ತೋರಿಸುತ್ತಿದ್ದರಂತೆ. ನಮಗೆ ಅಲ್ಲಿಗೆ ಪ್ರವೇಶ ಇರಲಿಲ್ಲ.

ಒಂದು ಮಾತು ಹೇಳಲೇಬೇಕು. ಈ ಕಟ್ಟಡ ಕೊಂಡಾಡುವ ಮಿಷನ್‌ಗಳ ಕಾಲ ಅಲ್ಲಿನ ಮೂಲನಿವಾಸಿಗಳಿಗೆ ಸುಖದ ಕಾಲವಾಗಿರಲಿಲ್ಲ. ದುಡಿಸಿಕೊಂಡರು, ಹೊಡೆದರು, ಹೊರಗಿನಿಂದ ಬಂದ ರೋಗಗಳಿಗೆ ಸಾವಿರಾರು ಜನ ಬಲಿಯಾದರು. ಕಮಾನು, ಗಂಟೆಗಳ ಚೆಲುವಿನಲ್ಲಿ ಇದು ಮರೆತೇ ಹೋಗುತ್ತದೆ. ಮೂಲನಿವಾಸಿ ಮಕ್ಕಳ ಶರ್ಮನ್ ವಸತಿಶಾಲೆಯನ್ನು ಈ ಊರಿಗೆ ತರಲು ಓಡಾಡಿದವರೂ ಇದೇ ಮಿಲ್ಲರ್. ಮಕ್ಕಳನ್ನು ಮನೆಮಂದಿಯಿಂದ, ಮನೆಮಾತಿನಿಂದ ದೂರ ಮಾಡಿದ ಶಾಲೆಗಳ ಪೈಕಿ ಅದೂ ಒಂದು. ಇಷ್ಟು ಸುಂದರ ಸಂಗ್ರಹ ಮಾಡಿದ ಮನುಷ್ಯನ ಬಗ್ಗೆ ಇದನ್ನೂ ತಿಳಿದುಕೊಂಡೇ ನೋಡಬೇಕು ಅಂತ ನನಗೆ ಅನಿಸುತ್ತದೆ.

ಮಿಲ್ಲರ್ ನಂತರ ಮಗಳು ಅಳಿಯ ನಡೆಸಿದರು. 1956ರಲ್ಲಿ ಹೋಟೆಲ್ ಬೇರೆಯವರ ಕೈಗೆ ಹೋಯಿತು, ನೂರಾರು ಕಲಾವಸ್ತುಗಳು ಮಾರಾಟವಾದವು. ಈ ಮಾತು ಹೇಳುವಾಗ ಗೈಡಮ್ಮನ ಮುಖದಲ್ಲಿ ಸ್ವಂತ ಮನೆಯ ಒಡವೆ ಹೋದಷ್ಟು ಸಂಕಟ. 1976ರಲ್ಲಿ ಊರಿನ ನಗರಾಭಿವೃದ್ಧಿ ಸಂಸ್ಥೆಯೇ ಕಟ್ಟಡವನ್ನು ಕೊಂಡಿತು. ಫೌಂಡೇಶನ್ ಹುಟ್ಟಿದ್ದೂ ಅದೇ ವರ್ಷ. ಮರುವರ್ಷ ಹೋಟೆಲಿಗೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟ ಸಿಕ್ಕಿತು. ದುರಸ್ತಿಗೆಂದು 1985ರಲ್ಲಿ ಬಾಗಿಲು ಹಾಕಿದ್ದು ತೆರೆದದ್ದು 1992ರ ಡಿಸೆಂಬರ್ ಕೊನೆಗೆ. ಅಷ್ಟೂ ವರ್ಷ ಊರಿನ ಜನ ಬೇಲಿಯ ಹೊರಗೆ ನಿಂತು ನೋಡಬೇಕಾಯಿತು. ಡುವೇನ್ ರಾಬರ್ಟ್ಸ್ ಎಂಬ ಅದೇ ಊರಿನ ಉದ್ಯಮಿ ಕೊಂಡುಕೊಂಡ ಮೇಲೆ ಮತ್ತೆ ದೀಪ ಹತ್ತಿತು. ಆಗ ಶುರುವಾದ ದೀಪೋತ್ಸವಕ್ಕೆ ಈಗ ಪ್ರತಿ ಚಳಿಗಾಲದಲ್ಲಿ ಜನ ಕಿಕ್ಕಿರಿಯುತ್ತಾರೆ.

ಹೊರಗೆ ಬಂದರೆ ಮೇನ್ ಸ್ಟ್ರೀಟ್‌ನ ನಡೆದಾಡುವ ಬೀದಿ. ಅಲ್ಲಿ ನಮ್ಮ ಗಾಂಧೀಜಿ ಪ್ರತಿಮೆ! 2005ರಲ್ಲಿ ನಿಲ್ಲಿಸಿದ್ದು. ಮಾರ್ಟಿನ್ ಲೂಥರ್ ಕಿಂಗ್ ಪ್ರತಿಮೆಯೂ ಇದೆ. ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಆನ್ ಚಾಂಗ್ ಹೋ ಪ್ರತಿಮೆಯೂ ಇದೆ, ಅವರು ಇದೇ ಊರಿನ ತೋಟಗಳಲ್ಲಿ ಕಿತ್ತಳೆ ಕೀಳುವ ಕೂಲಿ ಮಾಡಿದವರು. ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿದೆವು.

ಈ ಊರನ್ನು ಬೆಳೆಸಿದ್ದು ಕಿತ್ತಳೆಯೇ. ಬ್ರೆಜಿಲ್‌ನ ಬಹಿಯಾದಿಂದ ವಾಷಿಂಗ್ಟನ್‌ಗೆ ಬಂದ ತಳಿಯ ಎರಡು ಸಸಿಗಳನ್ನು 1873ರಲ್ಲಿ ಎಲೈಜಾ ಟಿಬೆಟ್ಸ್ ಎಂಬ ಹೆಂಗಸು ಇಲ್ಲಿ ನೆಟ್ಟರು. ಕ್ಯಾಲಿಫೋರ್ನಿಯಾದ ಬೀಜವಿಲ್ಲದ ನೇವಲ್ ಕಿತ್ತಳೆ ತೋಟಗಳಿಗೆಲ್ಲ ಅವೇ ತಾಯಿ ಗಿಡಗಳು. ಅದರಲ್ಲೊಂದನ್ನು ಮಿಲ್ಲರ್ ಹೋಟೆಲಿನ ಅಂಗಳಕ್ಕೆ ತರಿಸಿದರು. 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೈಯಲ್ಲಿ ಅದನ್ನು ನೆಡಿಸಿದರು. ಆ ಮರ ಒಣಗಿ ಹೋಯಿತು. ಇನ್ನೊಂದು ಮ್ಯಾಗ್ನೋಲಿಯಾ ಮತ್ತು ಆರ್ಲಿಂಗ್ಟನ್ ರಸ್ತೆಗಳು ಕೂಡುವಲ್ಲಿ ಈಗಲೂ ಇದೆ. ಕಾರಿನಲ್ಲಿ ಅಲ್ಲಿಗೂ ಹೋದೆವು. ಕಿತ್ತಳೆ ಗಿಡದ ಎಲೆ ಹಳದಿಯಾಗಿಸಿ ಗಿಡವನ್ನೇ ಸೊರಗಿಸುವ ಗ್ರೀನಿಂಗ್ ರೋಗ ಹರಡುವ ಕೀಟ ಸೋಕದಿರಲಿ ಎಂದು ಮರಕ್ಕೆ ಪರದೆಯ ಮನೆ ಕಟ್ಟಿದ್ದಾರೆ. ಭಾವನವರು ಮಡಿಕೇರಿ ಕಡೆಯವರು. ಕೊಡಗಿನ ಕಿತ್ತಳೆ ತೋಟಗಳನ್ನು ಸೊರಗಿಸಿದ ಕಾಯಿಲೆಗಳಲ್ಲಿ ಗ್ರೀನಿಂಗ್ ಕೂಡ ಒಂದು. ಹೋಟೆಲಿನಲ್ಲಿ ಬೇಗ ಬೇಗ ನಡೆದವರು ಇಲ್ಲಿ ಪರದೆಗೆ ಮುಖ ಒತ್ತಿ ಎಲೆಗಳ ಬಣ್ಣ ನೋಡುತ್ತಾ ನಿಂತರು. "ಹಳದಿ ಹತ್ತಿಲ್ಲ, ಚೆನ್ನಾಗಿದೆ ಕಣೇ" ಎಂದು ಅಕ್ಕನಿಗೆ ಹೇಳಿ, ಪರದೆಯ ಹೊಲಿಗೆ, ಬಾಗಿಲಿನ ಕಟ್ಟು, ನೀರಿನ ಪೈಪು ಎಲ್ಲದರ ಫೋಟೋ ತೆಗೆದು ಊರಿನಲ್ಲಿರುವ ಅಣ್ಣನಿಗೆ ಕಳಿಸಿದರು.