ಟೆಕ್ ಟ್ರೀಗೆ ಯಾವ ಆವಿಷ್ಕಾರಗಳು ಸೇರಬೇಕು?

ನಾಗರಿಕತೆ ಕಟ್ಟುವ ತಂತ್ರದಾಟವೊಂದನ್ನು ರೂಪಿಸುತ್ತಿದ್ದೇನೆಂದು ತಿಳಿದವರೆಲ್ಲ ಕೇಳುವುದು ಇದನ್ನೇ: ಇತಿಹಾಸದಲ್ಲಿ ಸಾವಿರಾರು ಆವಿಷ್ಕಾರಗಳಿರುವಾಗ ಟೆಕ್ ಟ್ರೀಗೆ, ಅಂದರೆ ಒಂದನ್ನು ಕಲಿತರೆ ಮುಂದಿನದು ತೆರೆದುಕೊಳ್ಳುವಂತೆ ವಿದ್ಯೆಗಳ ಚೌಕಗಳನ್ನು ಗೆರೆಗಳಿಂದ ಜೋಡಿಸಿದ ಆಟದ ನಕ್ಷೆಗೆ, ಬೇಕಾದಷ್ಟನ್ನು ಮಾತ್ರ ಆರಿಸುವುದು ಹೇಗೆ? ಹಿರಿಮೆ ನೋಡಿ ಆರಿಸುವುದಿಲ್ಲ. ಆವಿಷ್ಕಾರವೊಂದು ಕೈಗೆ ಬಂದ ಮೇಲೆ ಆಟಗಾರನಿಗೆ ಹಿಂದೆ ಆಗದಿದ್ದದ್ದೊಂದು ಸಾಧ್ಯವಾಗುತ್ತದೆಯೇ, ಅದನ್ನು ಬಿಟ್ಟು ಬೇರೊಂದರ ಬೆನ್ನು ಹತ್ತುವುದೂ ಜಾಣತನವೆನಿಸಬಹುದೇ ಎಂಬುದಷ್ಟೇ ನನ್ನ ಅಳತೆ. ಸೊನ್ನೆಯನ್ನು ಬಿಟ್ಟದ್ದಕ್ಕೆ ಮುನಿಸಿಕೊಂಡವರಿದ್ದಾರೆ. ಆದಾಯ ತುಸು ಹೆಚ್ಚಿಸುವ ಪುಡಿ ಲಾಭವಾಗಿ ಅದನ್ನು ಇಡುವುದಕ್ಕಿಂತ ಇಡದಿರುವುದೇ ಮರ್ಯಾದೆ.

ಇದಕ್ಕಿಂತ ಕಷ್ಟದ್ದು ಚೌಕಗಳ ನಡುವಿನ ಗೆರೆ. ‘ಇದಿಲ್ಲದೆ ಅದಿಲ್ಲ’ ಎಂಬ ಚಾರಿತ್ರಿಕ ವಾದವನ್ನೇ ಪ್ರತಿಯೊಂದು ಗೆರೆಯೂ ಮಂಡಿಸುತ್ತದೆ. 1991ರಲ್ಲಿ ಬಂದ ಸಿಡ್ ಮೈಯರ್ ಅವರ ‘ಸಿವಿಲೈಸೇಷನ್’ ಆಟದಲ್ಲಿ ಕಂಚು ಕಲಿಯದೆ ಕಬ್ಬಿಣ ದಕ್ಕುವುದಿಲ್ಲ. ಪಶ್ಚಿಮ ಏಷ್ಯಾದ ಮಟ್ಟಿಗೆ ಆ ಕ್ರಮ ಸರಿ. ದಕ್ಷಿಣ ಭಾರತದಲ್ಲಾದರೋ ಪ್ರತ್ಯೇಕವಾದ ಕಂಚಿನ ಯುಗವೇ ಕಾಣುವುದಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗದ ನೆಲೆಯ ಮೇಲೆಯೇ, ಕ್ರಿ.ಪೂ. 1000ರ ಸುಮಾರಿಗೆ, ಕಬ್ಬಿಣದ ವಸ್ತುಗಳು ಕಾಣಿಸಿಕೊಳ್ಳುತ್ತವೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕಾದರೂ ಹಳೆಯ ಕುಲುಮೆಯಲ್ಲಿ ಅದನ್ನು ಕರಗಿಸುತ್ತಲೇ ಇರಲಿಲ್ಲ: ಇದ್ದಿಲು ತುಂಬಿ ತಿದಿ ಒತ್ತಿದರೆ ಕಿಟ್ಟ ಹರಿದುಹೋಗಿ ಉಳಿಯುವ ಸ್ಪಂಜಿನಂಥ ಮುದ್ದೆಯನ್ನು ಬಡಿದು ಹದಗೊಳಿಸುತ್ತಿದ್ದರು. ಆದ್ದರಿಂದ ನನ್ನ ಮರದಲ್ಲಿ ಕಬ್ಬಿಣಕ್ಕೆ ಗೆರೆ ಬರುವುದು ಇದ್ದಿಲು ಮತ್ತು ತಿದಿಯಿಂದ. ಕಂಚಿನ ದಾರಿ ಹಿಡಿದವನು ಬೇಗ ಆಯುಧ ಪಡೆಯುತ್ತಾನೆ, ಆದರೆ ಕಂಚಿಗೆ ಬೇಕಾದ ತವರಕ್ಕಾಗಿ ದೂರದ ವ್ಯಾಪಾರಿಗಳ ಹಂಗಿನಲ್ಲಿರುತ್ತಾನೆ.

ಚಕ್ರದ್ದೂ ಇಂಥದೇ ಕಥೆ. ಪ್ರಾಚೀನ ಮೆಕ್ಸಿಕೊದಲ್ಲಿ ಗಾಲಿಗಳಿದ್ದ ಮಣ್ಣಿನ ಆಟಿಕೆಗಳು ಸಿಕ್ಕಿವೆ. ಆದರೆ ಅಲ್ಲಿ ಬಂಡಿ ಎಳೆಯುವ ಪ್ರಾಣಿಗಳಿರಲಿಲ್ಲ. ಹಾಗಾಗಿ ನನ್ನಲ್ಲಿ ಎತ್ತು ಪಳಗದೆ ಗಾಡಿ ಇಲ್ಲ.

ಇನ್ನು ಕನ್ನಡಿಗರು ತಪ್ಪದೆ ಕೇಳುವ ಮೈಸೂರು ರಾಕೆಟ್ ಇದೆ, ಅದೂ ಅಭಿಮಾನಕ್ಕಲ್ಲ. ಸಿಡಿಮದ್ದು ತುಂಬಿದ ಕಬ್ಬಿಣದ ಕೊಳವೆ ಕಾಗದದ ಕೊಳವೆಗಿಂತ ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದ ಅದು ಬಹುದೂರ ಹಾರುತ್ತಿತ್ತು. ಗುರಿ ನಿಖರವಲ್ಲ, ಆದರೆ ಫಿರಂಗಿಯಂತೆ ಎಳೆಯಲು ಎತ್ತುಗಳ ಸಾಲು ಬೇಡ. ಆಟಗಾರ ಇಲ್ಲಿ ನಿಜವಾಗಿಯೂ ಯೋಚಿಸಬೇಕಾಗುತ್ತದೆ. ಅದನ್ನು ಮೈಸೂರಿಗಷ್ಟೇ ಮೀಸಲಿಡಬೇಕೆಂಬ ಒತ್ತಾಯವನ್ನು ಮಾತ್ರ ಒಪ್ಪಲಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ಅಲ್ಲಿನ ಆವಿಷ್ಕಾರಕ ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲೇ ತನ್ನ ರಾಕೆಟ್ ರೂಪಿಸಿದ. ಅದಕ್ಕೇ ನನ್ನ ಆಟದಲ್ಲಿ ಶತ್ರುವಿನ ರಾಜಧಾನಿ ಗೆದ್ದವನಿಗೆ ಅಲ್ಲಿನ ಶಸ್ತ್ರಾಗಾರದ ವಿದ್ಯೆಯೊಂದೂ ದಕ್ಕುತ್ತದೆ.