ಪಗಾರದ ಪಟ್ಟಿಯಲ್ಲಿ ಗ್ರೇಡ್ ಕಾಲಂ ನೋಡಿ

ಹುಬ್ಬಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಹಲವು ವರ್ಷ ಪಗಾರದ ಲೆಕ್ಕ ಮಾಡಿದ್ದೇನೆ. ಹಾಜರಿ, ಓಟಿ, ಪಿಎಫ್, ಇಎಸ್‌ಐ ಎಲ್ಲ ನನ್ನ ಟೇಬಲ್ಲಿಗೇ ಬರುತ್ತಿತ್ತು. ಹಾಗಾಗಿ "ಈಗಿನ ಕಾಲದಾಗ ಜಾತಿ ನೋಡಿ ಯಾರ್ ಪಗಾರ ಕೊಡ್ತಾರ?" ಅಂತ ಯಾರಾದರೂ ಕೇಳಿದಾಗ ನನಗೆ ಸಂಕಟ ಆಗುತ್ತದೆ. ಕೊಡುತ್ತಾರೆ. ಒಂದೇ ಗ್ರೇಡಿನ ಇಬ್ಬರಿಗೆ ಬೇರೆ ಬೇರೆ ಪಗಾರ ಕೊಡಲ್ಲ, ಅದು ತಕ್ಷಣ ಸಿಕ್ಕಿಬೀಳುತ್ತದೆ. ಒಂದೇ ಕೆಲಸ ಮಾಡುವ ಇಬ್ಬರನ್ನು ಬೇರೆ ಬೇರೆ ಗ್ರೇಡಿಗೆ ಹಾಕುತ್ತಾರೆ.

ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿ ಕುಶಲ ಅಂತ ದರ್ಜೆಗಳಿವೆ. ಯಾರು ಯಾವುದಕ್ಕೆ ಅಂತ ಬರೆಯುವುದು ಮ್ಯಾನೇಜರ್ ಕೈಯಲ್ಲಿದೆ. ನಮ್ಮಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಮೇಲೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ಹೊಸ ಹುಡುಗರನ್ನು ಮೊದಲು ಅವರ ಹತ್ತಿರವೇ ಕಳಿಸುತ್ತಿದ್ದರು. ಡ್ರಾಯಿಂಗ್ ಓದುವುದು, ಟೂಲ್ ಹಿಡಿಯುವುದು, ಅಳತೆ ತೆಗೆಯುವುದು, ಎಲ್ಲ ಅವರೇ ಕಲಿಸಿದ್ದು. ಅವರ ಹತ್ತಿರ ಕಲಿತ ಹುಡುಗರು ಒಬ್ಬೊಬ್ಬರಾಗಿ ಕುಶಲ ಆದರು, ಒಬ್ಬ ಸೂಪರ್‌ವೈಸರ್ ಕೂಡ ಆದ. ನನ್ನ ಪಟ್ಟಿಯಲ್ಲಿ ಕಾಕಾ ಮಾತ್ರ ಕೊನೆಯವರೆಗೂ ಹೆಲ್ಪರ್, ಅಂದರೆ ಅಕುಶಲ.

ನಾನು ಮ್ಯಾನೇಜರನ್ನು ಕೇಳಿದೆ. "ಅವ್ರಿಗೆ ಐಟಿಐ ಸರ್ಟಿಫಿಕೇಟ್ ಇಲ್ಲರೀ ಮೇಡಂ" ಅಂದರು. ಬಡ್ತಿ ಸಿಕ್ಕ ಆ ಸೂಪರ್‌ವೈಸರನಿಗೂ ಇರಲಿಲ್ಲ. ಅದನ್ನೂ ಹೇಳಿದೆ. "ಹೋಗ್ಲಿ ಬಿಡ್ರಿ, ಅವ್ರ ಮಂದಿಗೆ ಅಷ್ಟ ಸಾಕು" ಅನ್ನುವ ಮಾತು ಬಂತು. ಅವ್ರ ಮಂದಿ ಅಂದರೆ ಅವರ ಜಾತಿಯವರು. ಈ ಮಾತನ್ನು ಯಾವ ಫೈಲಿನಲ್ಲೂ ಬರೆಯುವುದಿಲ್ಲ. ಫೈಲಿನಲ್ಲಿ ಇರುವುದು ಸರ್ಟಿಫಿಕೇಟಿನ ಕಾರಣ ಮಾತ್ರ.

ಇದು ಎಷ್ಟು ದೊಡ್ಡ ನಷ್ಟ ಅಂತ ಲೆಕ್ಕ ಮಾಡಿದರೆ ಹೊಟ್ಟೆ ಉರಿಯುತ್ತದೆ. ಉದಾಹರಣೆಗೆ ಒಬ್ಬರಿಗೆ ಬೇಸಿಕ್ 10,000, ಇನ್ನೊಬ್ಬರಿಗೆ 13,000 ಅಂದುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ ಶೇ. 8 ಇನ್‌ಕ್ರಿಮೆಂಟ್. ನೋಡಲು ಸಮ ಅಲ್ವಾ? ಹತ್ತು ವರ್ಷಕ್ಕೆ 3,000ದ ಅಂತರ ಸುಮಾರು 6,500 ಆಗಿರುತ್ತದೆ. ಪಿಎಫ್ ಲೆಕ್ಕವೂ ಬೇಸಿಕ್ ಮೇಲೆಯೇ. ಕೆಲಸ ಬಿಡುವಾಗ ಸಿಗುವ ಗ್ರಾಚುಟಿಯ ಲೆಕ್ಕ ಗೊತ್ತಲ್ಲ, ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸರ್ವೀಸಿನ ವರ್ಷಗಳಿಂದ ಗುಣಿಸಬೇಕು. ಸೇರಿದ ದಿನ ಬರೆದ ಗ್ರೇಡು ನಿವೃತ್ತಿಯ ದಿನದ ಚೆಕ್ಕಿನವರೆಗೂ ಬೆನ್ನು ಬಿಡಲ್ಲ.

ಅಮೆರಿಕದಲ್ಲಿ ಗೂಗಲ್ ಮೇಲೆ ಹೂಡಿದ್ದ ಒಂದು ಮೊಕದ್ದಮೆಯ ಸುದ್ದಿ ಓದಿದಾಗ ನನಗೆ ಕಾಕಾ ನೆನಪಾದರು. ಲ್ಯಾಟಿನೋ ಮತ್ತು ಮೂಲನಿವಾಸಿ ಮೂಲದ ನೌಕರರನ್ನು ಅದೇ ಕೆಲಸಕ್ಕೆ ಕೆಳಗಿನ ಲೆವೆಲ್‌ನಲ್ಲಿ ಸೇರಿಸಿಕೊಂಡರು, ಅದರಿಂದ ಪಗಾರವೂ ಬಡ್ತಿಯೂ ಹಿಂದೆ ಬಿದ್ದವು ಅನ್ನುವುದು ದೂರು. 2025ರ ಮಾರ್ಚ್‌ನಲ್ಲಿ ಕಂಪನಿ 2.8 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು, ಆರೋಪ ಮಾತ್ರ ಒಪ್ಪಲಿಲ್ಲ. ಫಲಾನುಭವಿಗಳು 6,600ಕ್ಕೂ ಹೆಚ್ಚು ಜನ. ದೂರಿಗೆ ಬಲ ಕೊಟ್ಟದ್ದು ಒಂದು ಸ್ಪ್ರೆಡ್‌ಶೀಟ್. ನೌಕರರೇ ತಮ್ಮ ತಮ್ಮ ಪಗಾರ, ಲೆವೆಲ್ ಬರೆದು ಹಂಚಿಕೊಂಡಿದ್ದರು. ಅಲ್ಲಿ ಜನಾಂಗ, ಇಲ್ಲಿ ಜಾತಿ. ಕೆಳಗೆ ಇಡುವ ರೀತಿ ಒಂದೇ.

ನಮ್ಮ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳಿದರೆ ಸಾಕು, ಜಾತಿ ಗೊತ್ತಾಗಿಬಿಡುತ್ತದೆ. ಗೊತ್ತಾಗದಿದ್ದರೆ "ಯಾವೂರು? ಯಾವ ಓಣಿ?" ಅಂತ ಕೇಳುತ್ತಾರೆ. ಸಂಶೋಧಕರಾದ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓದು ಒಂದೇ, ಹೆಸರು ಮಾತ್ರ ಬೇರೆ ಇರುವ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದರಷ್ಟು ಮಾತ್ರ. ಇದು ಬಾಗಿಲಿನ ಹೊರಗಿನ ಮಾತು. ಒಳಗೆ ಹೋದಮೇಲಿನದನ್ನು ಅಳೆಯುವುದು ಇನ್ನೂ ಕಷ್ಟ, ಯಾಕೆಂದರೆ ಪಗಾರದ ಪಟ್ಟಿ ಯಾರಿಗೂ ತೋರಿಸಲ್ಲ.

ಸರ್ಕಾರಿ ಕಚೇರಿಯಲ್ಲಿ ಯಾರು ಯಾರಿಗಿಂತ ಹಿರಿಯರು ಅನ್ನುವ ಜ್ಯೇಷ್ಠತಾ ಪಟ್ಟಿ ಹೊರಗೆ ಬರುತ್ತದೆ, ಆಕ್ಷೇಪಣೆ ಹಾಕಬಹುದು. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆಯ ವಿಷಯದಲ್ಲಿ ನಮ್ಮ ರಾಜ್ಯದ ಹಳೆಯ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು. ಹೊಸದನ್ನು 2019ರ ಮೇ 10ರಂದು ಎತ್ತಿಹಿಡಿಯಿತು. ಪಟ್ಟಿ ಕಣ್ಣಮುಂದೆ ಇದ್ದದ್ದಕ್ಕೆ ಅಷ್ಟು ವರ್ಷ ಜಗಳ ಆಡಲು ಆಯಿತು. ಖಾಸಗಿ ಕಾರ್ಖಾನೆಯಲ್ಲಿ ಏನಿದೆ? 1976ರ ಸಮಾನ ವೇತನ ಕಾಯ್ದೆ ಮಾತಾಡಿದ್ದು ಹೆಣ್ಣು-ಗಂಡು ಭೇದದ ಬಗ್ಗೆ. 2019ರ ವೇತನ ಸಂಹಿತೆಯೂ ಅಷ್ಟೇ, ಲಿಂಗಭೇದಕ್ಕೇ ನಿಂತಿದೆ. ಜಾತಿಯ ಹೆಸರು ಅದರಲ್ಲಿ ಸೇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಾಯ್ದೆ ಬರುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ಗೋಕುಲ ರಸ್ತೆ, ತಾರಿಹಾಳ ಕಡೆ ಕೆಲಸ ಮಾಡುವವರೇ, ನಿಮ್ಮ ಪಗಾರ ಚೀಟಿಯಲ್ಲಿ ಹುದ್ದೆ ಮತ್ತು ಗ್ರೇಡ್ ಏನಿದೆ ನೋಡಿ. ಪಕ್ಕದ ಮಷಿನ್‌ನವರ ಚೀಟಿ ಜೊತೆ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಒಬ್ಬರೇ ಹೋಗಬೇಡಿ. ಹೊಸ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೂ ಒಂದು ಮಾತು. ಹಿಂದಿನ ಪಗಾರ ಎಷ್ಟು ಅಂತ ಕೇಳಿದರೆ, ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ ಅಂತ ನೀವು ಕೇಳಿ. ಇಲ್ಲದಿದ್ದರೆ ಹಳೆಯ ಕಡಿಮೆ ಪಗಾರವೇ ಹೊಸ ಕೆಲಸಕ್ಕೂ ಅಂಟಿಕೊಳ್ಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಕೆಲಸ ಕೊಡುವವರು ಆ ಹಳೆಯ ಪಗಾರದ ಪ್ರಶ್ನೆಯನ್ನು ಕೇಳುವಂತೆಯೇ ಇಲ್ಲ.